ಹಳೆಯ ಗೋಡೆಯ ಉಸಿರು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಕಟ್ಟಿದ ಮನೆಯನ್ನು ಕೊಂಡು, ಕೆಡವದೆ ಬಾಳಿ ನೋಡು ಎನ್ನಲಿಲ್ಲ. ಅವರ ಕಾಲಕ್ಕೆ ಆ ಮಾತಿನ ಅಗತ್ಯವಿರಲಿಲ್ಲ. ಮೈಸೂರಿನ ಹಳೆಯ ಬೀದಿಯೊಂದರಲ್ಲಿ ಮಣ್ಣಿನ ಗೋಡೆಯ ತೊಟ್ಟಿಮನೆಯೊಂದನ್ನು ನಿವೃತ್ತಿಯ ಹಣವನ್ನೆಲ್ಲ ಸುರಿದು ನಾನು ಕೊಂಡಾಗ, ಬಂಧುಗಳ ಸಲಹೆ ಒಂದೇ ಆಗಿತ್ತು: "ನಿವೇಶನ ಚೆನ್ನಾಗಿದೆ, ಮನೆಯನ್ನು ಉರುಳಿಸಿ." ಉರುಳಿಸದಿದ್ದುದಕ್ಕೆ ಮಮತೆಯೊಂದೇ ಕಾರಣವಲ್ಲ, ಅದಕ್ಕೊಂದು ಲೆಕ್ಕವೂ ಉಂಟು.

ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸಿಮೆಂಟಿನ ಮೂಲದ್ರವ್ಯ ಸಿದ್ಧವಾಗುತ್ತದೆ. ಆಗ ಇಂಧನದ ಹೊಗೆಯೊಡನೆ ಕಲ್ಲಿನೊಳಗೆ ಸೆರೆಯಾಗಿದ್ದ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ. ಮನುಷ್ಯ ವ್ಯಾಪಾರದಿಂದ ಹೊಮ್ಮುವ ಈ ಅನಿಲದಲ್ಲಿ ಸಿಮೆಂಟಿನ ಪಾಲು ಶೇಕಡ 7ರಿಂದ 8. ಈಗಾಗಲೇ ನಿಂತಿರುವ ಗೋಡೆ ಈ ಋಣವನ್ನು ಹೊಸದಾಗಿ ಹೊರಿಸುವುದಿಲ್ಲ.

ಆದರೆ ನನ್ನ ಮನೆಯ ಗೋಡೆಗಳು ರೋಗಪೀಡಿತವಾಗಿದ್ದವು. ಹಿಂದೆ ಯಾರೋ ಅವಕ್ಕೆ ಸಿಮೆಂಟಿನ ಗಿಲಾವು ಮಾಡಿಸಿದ್ದರು. ನೆಲದ ತೇವ ಮಣ್ಣಿನ ಗೋಡೆಯನ್ನು ಏರುವುದು ಸಹಜ. ಸುಣ್ಣದ ಗಾರೆಯಾದರೆ ಅದರ ಸೂಕ್ಷ್ಮ ರಂಧ್ರಗಳಿಂದ ಆ ತೇವ ಆವಿಯಾಗಿ ಹೋಗುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿಕೊಂಡ ನೀರು ಮಣ್ಣನ್ನು ಸಡಿಲಿಸುತ್ತದೆ. ಲವಣವು ಬಿಳಿಯ ಹಿಟ್ಟಿನಂತೆ ಉಕ್ಕಿ ಬರುತ್ತದೆ. ಸಿಮೆಂಟನ್ನು ಕೆತ್ತಿಸಿ, ಒಂದು ಬೇಸಿಗೆಯೆಲ್ಲ ಗೋಡೆಗಳನ್ನು ಒಣಗಲು ಬಿಟ್ಟು, ಸುಣ್ಣ ಮರಳಿನ ಗಾರೆ ಬಳಿಸಿದೆ. ಗಾರೆಯ ಸೊಗಸೆಂದರೆ, ಸುಡುವಾಗ ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಮರಳಿ ಹೀರಿ ಅದು ಮೆಲ್ಲಮೆಲ್ಲನೆ ಕಲ್ಲಾಗುತ್ತದೆ. ಈ ಕೆಲಸಕ್ಕೆ ಅವಸರ ಸಲ್ಲದು. ಅದನ್ನು ಬಲ್ಲ ಕುಶಲಿಗಳೂ ವಿರಳ.

ಬಚ್ಚಲಮನೆಗೆ ಮಾತ್ರ ಹೊಸ ಗೋಡೆ ಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಬಳಕೆಗೆ ತಂದ ವಿಧಾನದಂತೆ, ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಗಳನ್ನು ಬಳಸಿದೆ. ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಆರಂಭಿಸಿದ ಈ ಹೆಂಚಿನ ಗುಣವೆಂದರೆ, ಒಡೆದುದನ್ನಷ್ಟೇ ತೆಗೆದು ಬೇರೊಂದನ್ನು ಕೂರಿಸಬಹುದು.

ಇನ್ನು ಮಳೆ. ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ನೂರು ಲೀಟರ್ ನೀರು. ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ಎಂದರೆ 80,000 ಲೀಟರ್. ಐದರಲ್ಲೊಂದು ಪಾಲು ನಷ್ಟವಾದರೂ, ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ ಸುಮಾರು ನಾಲ್ಕು ತಿಂಗಳು ಸಾಕು. ತೊಟ್ಟಿಗೆ ಸುರಿಯುವ ನೀರನ್ನು, ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ, ಸೋಸಿ ನೆಲಮಾಳಿಗೆಯ ತೊಟ್ಟಿಯಲ್ಲಿ ತುಂಬಿಕೊಳ್ಳುತ್ತೇವೆ.

ಇಂಥ ಮನೆ ಸೇವೆಯನ್ನು ಬೇಡುತ್ತದೆ. ಪ್ರತಿವರ್ಷ ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸಬೇಕು, ಜಂತಿಗಳಿಗೆ ಗೆದ್ದಲು ಹತ್ತಿದೆಯೇ ಎಂದು ನೋಡಬೇಕು. ಕೊಳ್ಳುವವರಿಗೆ ಒಂದು ಮಾತು: ಅಡಿಪಾಯ ಕುಸಿದು, ತೊಲೆಗಳು ಟೊಳ್ಳಾಗಿದ್ದರೆ ಮಮತೆಗೆ ಮಣಿಯಬೇಡಿ. ಅವೆರಡೂ ಗಟ್ಟಿಯಾಗಿದ್ದರೆ, ಗೋಡೆಯ ಬಿರುಕಿಗೆ ಹೆದರಿ ಮನೆಯನ್ನು ಉರುಳಿಸಬೇಡಿ.