ಹಳೆ ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ಅಂಗಡಿಗೆ ಕೊಡುವ ಮುನ್ನ ಇಷ್ಟು ಪರೀಕ್ಷೆ ಮಾಡಿ ನೋಡಿ

ಪುಣೆ: ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಓದಲು, ದುಡಿಯಲು ಪುಣೆಗೆ ಬಂದವರ ಪಿಜಿ ಕೋಣೆಗಳಲ್ಲಿ ಒಂದು ಹಳೆ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ. ಅಣ್ಣ ಬಳಸಿ ಬಿಟ್ಟಿದ್ದು, ಇಲ್ಲವೇ ಡಿಗ್ರಿಗೆ ಸೇರುವಾಗ ಅಪ್ಪ ಕಂತಿನಲ್ಲಿ ಕೊಡಿಸಿದ್ದು. ಪ್ರಾಜೆಕ್ಟ್ ಸಲ್ಲಿಸಲು ಎರಡು ದಿನ ಉಳಿದಿರುವಾಗಲೇ ಅದು ಕೈಕೊಡುತ್ತದೆ. ಪವರ್ ಬಟನ್ ಒತ್ತಿದರೆ ಕಪ್ಪು ಪರದೆ, ಕೆಲವೊಮ್ಮೆ ಒಂದು ದೀಪವೂ ಹತ್ತುವುದಿಲ್ಲ.

ಇಂಥ ಹೊತ್ತಿನಲ್ಲಿ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೋದ್ಯಮ ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರ್. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳ ನಿವೃತ್ತ ಶಿಕ್ಷಕರನ್ನು ಮಾತನಾಡಿಸಿ ಮಾಡಿಕೊಂಡಿದ್ದ 17 ಸಂದರ್ಶನಗಳ ಧ್ವನಿಮುದ್ರಣ ನನ್ನ ಲ್ಯಾಪ್‌ಟಾಪ್‌ನಲ್ಲಿತ್ತು. ಒಂದು ಬೆಳಗ್ಗೆ ಅದು ಲೋಗೋ ತೋರಿಸಿ ಅಲ್ಲೇ ನಿಂತಿತು. ಗಾಬರಿಯಲ್ಲಿ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು" ಎಂದರು. "ಮಾಡಿ" ಎಂದೆ. ಸಂಜೆಗೆ ಲ್ಯಾಪ್‌ಟಾಪ್ ಹೊಸದರಂತೆ ಓಡುತ್ತಿತ್ತು. ಸಂದರ್ಶನ ಮಾತ್ರ ಒಂದೂ ಉಳಿದಿರಲಿಲ್ಲ.

ಆ ಲ್ಯಾಪ್‌ಟಾಪ್‌ನ ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಫೈಲ್‌ಗಳೆಲ್ಲ ಸುರಕ್ಷಿತವಾಗಿದ್ದವು, ಅಳಿಸಿದ್ದು ನಾನು ಒಪ್ಪಿಕೊಂಡ ಫಾರ್ಮ್ಯಾಟ್. ಹಾಗಾಗಿ ಲ್ಯಾಪ್‌ಟಾಪ್ ಶುರುವಾಗದಿದ್ದರೆ ಎರಡು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಒಂದು, ಅದು ಯಾವ ಹಂತದಲ್ಲಿ ನಿಂತಿದೆ? ಇನ್ನೊಂದು, ಒಳಗಿನ ಫೈಲ್‌ಗಳನ್ನು ಹೊರತೆಗೆದಾಗಿದೆಯೇ?

ಆನ್ ಆಗುವುದೆಂದರೆ ಮೂರು ಹಂತ

ನಾವು ಬಟನ್ ಒತ್ತುವುದು ಒಂದೇ ಬಾರಿ. ಒಳಗೆ ಮಾತ್ರ ಮೂರು ಕೆಲಸ ಒಂದರ ಹಿಂದೊಂದು ನಡೆಯುತ್ತವೆ. ಮೊದಲು ಚಾರ್ಜರ್ ಅಥವಾ ಬ್ಯಾಟರಿಯಿಂದ ಮದರ್‌ಬೋರ್ಡ್‌ಗೆ ವಿದ್ಯುತ್ ತಲುಪಬೇಕು. ನಂತರ ಬಯೋಸ್ ಎಂಬ ಪುಟ್ಟ ತಂತ್ರಾಂಶ ಎಚ್ಚೆತ್ತು ರ್‍ಯಾಮ್, ಡಿಸ್ಪ್ಲೇ, ಡಿಸ್ಕ್ ಸರಿ ಇವೆಯೇ ಎಂದು ತಪಾಸಣೆ ಮಾಡುತ್ತದೆ. ಕೊನೆಯಲ್ಲಿ ಡಿಸ್ಕ್‌ನಿಂದ ವಿಂಡೋಸ್ ಲೋಡ್ ಆಗುತ್ತದೆ. ಯಾವ ಹಂತದಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ. ಮೊದಲ ಎರಡು ಹಂತದಲ್ಲಿ ನಿಂತ ಲ್ಯಾಪ್‌ಟಾಪ್‌ಗೆ ಫಾರ್ಮ್ಯಾಟ್‌ನಿಂದ ಯಾವ ಉಪಯೋಗವೂ ಇಲ್ಲ ಎಂಬುದು ನೆನಪಿರಲಿ.

1. ದೀಪವೂ ಇಲ್ಲ, ಫ್ಯಾನ್ ಸದ್ದೂ ಇಲ್ಲ

ಇದು ವಿದ್ಯುತ್ತಿನ ಸಮಸ್ಯೆ. ಮೊದಲು ಬೇರೆ ಸಾಕೆಟ್‌ಗೆ ಹಾಕಿ ನೋಡಿ. ಪಿಜಿಗಳ ಎಕ್ಸ್‌ಟೆನ್ಷನ್ ಬೋರ್ಡ್ ನಂಬಬೇಡಿ, ನೇರವಾಗಿ ಗೋಡೆಯ ಸಾಕೆಟ್‌ಗೇ ಹಾಕಿ. ಚಾರ್ಜರ್ ಮೇಲೆ ದೀಪವಿದ್ದರೆ ಅದು ಹತ್ತುತ್ತಿದೆಯೇ ಗಮನಿಸಿ. ಸ್ನೇಹಿತರ ಚಾರ್ಜರ್ ಹಾಕಿ ನೋಡುವುದಾದರೆ ಪಿನ್ ಹೊಂದಿಕೊಂಡರೆ ಸಾಲದು. ಎರಡೂ ಚಾರ್ಜರ್‌ಗಳ ಲೇಬಲ್ ಓದಿ. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಟೈಪ್-ಸಿ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ 45 ಅಥವಾ 65 ವ್ಯಾಟ್ ಚಾರ್ಜರ್ ಬೇಕು. ಮೊಬೈಲಿನ ಸಣ್ಣ ಚಾರ್ಜರ್ ಹಾಕಿ "ಆನ್ ಆಗ್ತಿಲ್ಲ" ಎಂದರೆ ತಪ್ಪು ಲ್ಯಾಪ್‌ಟಾಪ್‌ನದ್ದಲ್ಲ.

ನಂತರ ಈ ಸುಲಭ ಉಪಾಯ ಮಾಡಿ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನಿಂದ ಕಳಚುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಮದರ್‌ಬೋರ್ಡ್‌ನಲ್ಲಿ ಉಳಿದಿದ್ದ ವಿದ್ಯುತ್ ಖಾಲಿಯಾಗುತ್ತದೆ. ಈಗ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಬ್ಯಾಟರಿ ಇಲ್ಲದೆ ಆನ್ ಆಗಿ, ಬ್ಯಾಟರಿ ಹಾಕಿದರೆ ಆಗದಿದ್ದರೆ ಕೆಟ್ಟಿರುವುದು ಬ್ಯಾಟರಿ.

ಎಚ್ಚರಿಕೆ: ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಭಾಗ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್‌ಗೆ ಹಾಕಬೇಡಿ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ತಂತ್ರಜ್ಞರೇ ತೆಗೆಯಲಿ.

2. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಅನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಲ್ಯಾಪ್‌ಟಾಪ್ ಓಡುತ್ತಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ ಎಂದರ್ಥ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿಯೂ ನೋಡಬಹುದು. ಟಿವಿಯಲ್ಲಿ ಎಲ್ಲವೂ ಕಂಡರೆ ತೊಂದರೆ ಇರುವುದು ಪರದೆ ಅಥವಾ ಅದರ ಕೇಬಲ್‌ನಲ್ಲಿ. ಆಗ ಫೈಲ್‌ಗಳನ್ನು ಅಲ್ಲೇ ಪೆನ್‌ಡ್ರೈವ್‌ಗೆ ಹಾಕಿಕೊಂಡುಬಿಡಿ.

ಎಲ್ಲೂ ಏನೂ ಕಾಣದೆ ಬೀಪ್ ಸದ್ದು ಬರುತ್ತಿದೆಯೇ? ಅಥವಾ ದೀಪವೊಂದು ಲೆಕ್ಕ ಹಾಕಿದಂತೆ ಮಿಣುಕುತ್ತಿದೆಯೇ? ಅದು ಬಯೋಸ್ ಕೊಡುವ ಸಂಕೇತ. ಎಷ್ಟು ಬಾರಿ ಎಂದು ಎಣಿಸಿ ಬರೆದುಕೊಳ್ಳಿ. ಇದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಮಾಡೆಲ್‌ನ ಕೈಪಿಡಿಯಲ್ಲಿ ಸಿಗುತ್ತದೆ.

ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಈ ಹಂತದ ಸಾಮಾನ್ಯ ತೊಂದರೆ ರ್‍ಯಾಮ್. ಪುಣೆಯ ಮಳೆಗಾಲದಲ್ಲಿ ಬಟ್ಟೆಯೇ ದಿನಗಟ್ಟಲೆ ಒಣಗುವುದಿಲ್ಲ. ಆ ತೇವದಲ್ಲಿ ರ್‍ಯಾಮ್‌ನ ಲೋಹದ ತುದಿಗಳಿಗೂ ಕಿಲುಬು ಹಿಡಿಯಬಹುದು. ಕೆಳಗಿನ ಮುಚ್ಚಳ ತೆರೆಯುವ ಅಭ್ಯಾಸವಿದ್ದರೆ ಚಾರ್ಜರ್, ಬ್ಯಾಟರಿ ಎರಡೂ ತೆಗೆದು, ಲೋಹದ ವಸ್ತುವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ಎರಡೂ ಬದಿಯ ಕ್ಲಿಪ್ ಸರಿಸಿದರೆ ರ್‍ಯಾಮ್ ಪಟ್ಟಿ ಮೇಲೇಳುತ್ತದೆ. ಮೆತ್ತನೆ ಒಣ ಬಟ್ಟೆಯಿಂದ ತುದಿ ಒರೆಸಿ, ಕ್ಲಿಕ್ ಎನ್ನುವವರೆಗೆ ಮತ್ತೆ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಇತ್ತೀಚಿನ ತೆಳು ಮಾಡೆಲ್‌ಗಳಲ್ಲಿ ರ್‍ಯಾಮ್ ಅನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ, ಅವನ್ನು ಬಿಚ್ಚಲು ಹೋಗಬೇಡಿ.

ಲ್ಯಾಪ್‌ಟಾಪ್ ಆನ್ ಆದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗಿ ಏನಾದರೂ ಕೀ ಒತ್ತಿ ಎಂದು ಕೇಳುತ್ತಿದ್ದರೆ ಒಳಗಿನ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಮುಗಿದಿರಬಹುದು. ಇದು ದುಬಾರಿ ರಿಪೇರಿಯಲ್ಲ.

3. ಲೋಗೋ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಮೊದಲು ಪೆನ್‌ಡ್ರೈವ್, ಮೌಸ್, ಪ್ರಿಂಟರ್ ಎಲ್ಲವನ್ನೂ ಕಳಚಿ ಮತ್ತೆ ಆನ್ ಮಾಡಿ. ಮರೆತು ಬಿಟ್ಟ ಪೆನ್‌ಡ್ರೈವ್‌ನಿಂದಲೇ ಶುರುವಾಗಲು ಹೋಗಿ ನಿಂತ ಲ್ಯಾಪ್‌ಟಾಪ್‌ಗಳು ಬಹಳ. ಆಗಲೂ ಆಗದಿದ್ದರೆ ಬಯೋಸ್‌ಗೆ ಹೋಗಿ. ಡೆಲ್, ಏಸರ್, ಆಸುಸ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2. ಅಲ್ಲಿನ ಪಟ್ಟಿಯಲ್ಲಿ ಡಿಸ್ಕ್ ಹೆಸರು ಕಂಡರೆ ತೊಂದರೆ ವಿಂಡೋಸ್‌ನದ್ದಿರುವ ಸಾಧ್ಯತೆ ಹೆಚ್ಚು. ಹೆಸರೇ ಇಲ್ಲದಿದ್ದರೆ ಡಿಸ್ಕ್ ಅಥವಾ ಅದರ ಜೋಡಣೆಯನ್ನು ಅನುಮಾನಿಸಿ.

ಸತತ ಎರಡು-ಮೂರು ಬಾರಿ ಶುರುವಾಗಲು ಸೋತರೆ ವಿಂಡೋಸ್ ತಾನೇ ದುರಸ್ತಿ ಪರದೆ ತೋರಿಸುತ್ತದೆ. ಅಲ್ಲಿ ಸ್ಟಾರ್ಟ್‌ಅಪ್ ರಿಪೇರ್, ಸೇಫ್ ಮೋಡ್, ಇತ್ತೀಚಿನ ಅಪ್‌ಡೇಟ್ ತೆಗೆಯುವ ಆಯ್ಕೆಗಳಿವೆ. ಇವುಗಳಿಂದ ನಿಮ್ಮ ಫೈಲ್ ಅಳಿಯುವುದಿಲ್ಲ. 'ರೀಸೆಟ್' ಎಂಬುದನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ.

2024ರ ಜುಲೈ 19 ನೆನಪಿದೆಯೇ? ಅಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಅಷ್ಟೂ ಯಂತ್ರಗಳು ಕೆಟ್ಟಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಅಳಿಸುವುದೇ ಅಂದು ಸೂಚಿಸಿದ ಪರಿಹಾರವಾಗಿತ್ತು. ನೀಲಿ ಪರದೆ ಕಂಡ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಕಿಲ್ಲ.

ಫೈಲ್ ಮೊದಲು, ಫಾರ್ಮ್ಯಾಟ್ ಆಮೇಲೆ

ವಿಂಡೋಸ್ ಏಳದಿದ್ದರೂ ಫೈಲ್ ತೆಗೆಯಬಹುದು. ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಎರಡೂ ಉಚಿತ. ಅದರಿಂದ ಲ್ಯಾಪ್‌ಟಾಪ್ ಶುರು ಮಾಡಿ, 'ಇನ್‌ಸ್ಟಾಲ್' ಒತ್ತದೆ 'ಟ್ರೈ' ಆಯ್ಕೆ ಮಾಡಿದರೆ ಡಿಸ್ಕ್‌ನ ಫೋಲ್ಡರ್‌ಗಳು ಕಾಣುತ್ತವೆ. ಇನ್ನೊಂದು ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಡಿಸ್ಕ್ ಬಿಚ್ಚಲು ಬರುವವರು ಅದನ್ನು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಬೇರೆ ಕಂಪ್ಯೂಟರ್‌ಗೆ ಜೋಡಿಸಬಹುದು.

ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ 48 ಅಂಕಿಗಳ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಲಾಗಿನ್ ಆಗಿ ಹುಡುಕಿ, ಅದು ಅಲ್ಲಿ ಉಳಿದಿರಬಹುದು.

ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ತಕ್ಷಣ ಆಫ್ ಮಾಡಿ. ಪ್ರತಿ ಬಾರಿ ಆನ್ ಮಾಡಿದಾಗಲೂ ಉಳಿದ ಫೈಲ್‌ಗಳಿಗೆ ಹಾನಿಯಾಗಬಹುದು. ಅದನ್ನು ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ಅಂಗಡಿಯಲ್ಲಿ ಏನು ಹೇಳಬೇಕು?

ಬೆಂಗಳೂರಿಗೆ ಎಸ್‌ಪಿ ರಸ್ತೆ ಇದ್ದಂತೆ ಪುಣೆಗೆ ಬುಧವಾರ ಪೇಠದ ತಾಪ್ಕೀರ್ ಗಲ್ಲಿ. ಎಲ್ಲಿಗೇ ಹೋದರೂ "ಆನ್ ಆಗ್ತಿಲ್ಲ" ಎಂದಷ್ಟೇ ಹೇಳಬೇಡಿ. "ಫ್ಯಾನ್ ತಿರುಗುತ್ತದೆ, ಟಿವಿಯಲ್ಲೂ ಚಿತ್ರ ಬರುತ್ತಿಲ್ಲ, ರ್‍ಯಾಮ್ ಬದಲಿಸಿ ನೋಡಿದೆ" ಎಂದು ಹೇಳಿ. ಕೇಳಿದವರಿಗೆ ಕೆಲಸ ಹಗುರ, ನಿಮಗೆ ಖರ್ಚು ಕಡಿಮೆ. ಮರಾಠಿ ಬಾರದಿದ್ದರೂ ಈ ಒಂದು ವಾಕ್ಯ ಕಲಿತುಕೊಳ್ಳಿ: "ಆಧೀ ಡೇಟಾ ಕಾಢಾ, ಮಗ ಫಾರ್ಮ್ಯಾಟ್ ಕರಾ." ಅಂದರೆ, ಮೊದಲು ಡೇಟಾ ತೆಗೆಯಿರಿ, ಆಮೇಲೆ ಫಾರ್ಮ್ಯಾಟ್ ಮಾಡಿ.

ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿ, ರಸೀದಿ ಪಡೆಯಿರಿ, ಬದಲಿಸಿದ ಹಳೆ ಭಾಗವನ್ನು ಕೇಳಿ ತೆಗೆದುಕೊಳ್ಳಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿದ್ದು, ದುರಸ್ತಿಗೆ ಸಂಬಂಧಿಸಿದ ಮಾಹಿತಿಯನ್ನು ಕಂಪನಿಗಳು ಅಲ್ಲಿ ನೀಡುತ್ತವೆ.

ರಿಪೇರಿ ಮಾಡಿಸಬೇಕೇ, ಬಿಡಬೇಕೇ?

ಹಾರ್ಡ್ ಡಿಸ್ಕ್ ಹೋಗಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಹಳೆ ಯಂತ್ರವೂ ಮೊದಲಿಗಿಂತ ಚುರುಕಾಗುತ್ತದೆ. ಮದರ್‌ಬೋರ್ಡ್ ಹೋಗಿದ್ದರೆ ಖರ್ಚನ್ನು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬೆಲೆಯ ಜತೆ ಹೋಲಿಸಿ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕಾಗಿರುವುದರಿಂದ ಹಲವು ಹಳೆ ಲ್ಯಾಪ್‌ಟಾಪ್‌ಗಳಿಗೆ ಅದು ಸಿಗುವುದಿಲ್ಲ. ಟೈಪಿಂಗ್, ಇಂಟರ್ನೆಟ್, ಆನ್‌ಲೈನ್ ಪಾಠಕ್ಕಾದರೆ ಲಿನಕ್ಸ್ ಸಾಕು.

ಕೊನೆಗೂ ವಿದಾಯ ಹೇಳುವುದಾದರೆ ಡಿಸ್ಕ್ ತೆಗೆದಿಟ್ಟುಕೊಂಡು ಉಳಿದಿದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ. ಪುಣೆಯಲ್ಲಿ ಪಾಲಿಕೆಯೊಂದಿಗೆ ಕೆಲಸ ಮಾಡುವ ತ್ಯಾಜ್ಯ ಆಯುವವರ ಸಹಕಾರ ಸಂಸ್ಥೆ 'ಸ್ವಚ್ಛ್' ಇಂಥ ಸಂಗ್ರಹ ಕಾರ್ಯ ನಡೆಸುತ್ತಾ ಬಂದಿದೆ. ಬ್ಯಾಟರಿಯನ್ನು ಮನೆಯ ಕಸದ ಬುಟ್ಟಿಗೆ ಹಾಕಲೇಬೇಡಿ.

ಅಂದಹಾಗೆ, ನಾನು ಮತ್ತೆ ಅಕ್ಕಲಕೋಟೆಗೆ ಹೋದೆ. 16 ಶಿಕ್ಷಕರು ಬೇಸರಿಸದೆ ಎರಡನೇ ಬಾರಿ ಮಾತನಾಡಿದರು. ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ದನಿ ಈಗ ನನ್ನ ಬಳಿಯೂ ಇಲ್ಲ, ಅವರ ಮನೆಯವರ ಬಳಿಯೂ ಇಲ್ಲ. ನಿಮ್ಮ ಲ್ಯಾಪ್‌ಟಾಪ್ ಈಗ ಚೆನ್ನಾಗಿ ಓಡುತ್ತಿದ್ದರೆ ಒಳ್ಳೆಯದೇ. ಮತ್ತೆ ಸಿಗದಂಥ ಫೈಲ್‌ಗಳನ್ನು ಇವತ್ತೇ ಇನ್ನೊಂದು ಕಡೆ ನಕಲು ಮಾಡಿಡಿ.