ರಾತ್ರಿ ಹತ್ತರ ನಂತರ ಚೆಂಡೆಯ ಸದ್ದು

ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಕುಳಿತು ನೀವು ವಾರ್ಷಿಕ ಪರೀಕ್ಷೆಗೆ ಓದುತ್ತಿದ್ದೀರಿ ಎಂದುಕೊಳ್ಳಿ. ಪಕ್ಕದ ಗದ್ದೆಯಲ್ಲಿ ಹರಕೆಯ ಬಯಲಾಟ. ಧ್ವನಿವರ್ಧಕದ ಮೂಲಕ ಭಾಗವತರ ಪದ, ಚೆಂಡೆಯ ಪೆಟ್ಟು ನಿಮ್ಮ ಕೋಣೆಯೊಳಕ್ಕೇ ಬರುತ್ತಿವೆ. ಆಟವೂ ಬೇಕು, ಓದೂ ಬೇಕು. ಇಂಥಲ್ಲಿ ಕಾನೂನು ಏನು ಹೇಳುತ್ತದೆ?

1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರವು 2000ದಲ್ಲಿ ಶಬ್ದಮಾಲಿನ್ಯ ನಿಯಮಗಳನ್ನು ಜಾರಿಗೆ ತಂದಿತು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು; ಉಳಿದದ್ದು ರಾತ್ರಿ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಸರ್ಕಾರ ಘೋಷಿಸಿದ ನಿಶ್ಶಬ್ದ ವಲಯದಲ್ಲಿ ಅದು 50 ಮತ್ತು 40.

ಈ ಅಂಕಿಗಳ ಅಂತರ ಸಣ್ಣದೆಂದು ತಿಳಿಯಬೇಡಿ. ಡೆಸಿಬೆಲ್ 10 ಹೆಚ್ಚಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. 20 ಹೆಚ್ಚಿದರೆ ನೂರು ಪಟ್ಟು.

ಧ್ವನಿವರ್ಧಕ ಬಳಸಲು ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಅದರ ಶಬ್ದವು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಂದರೆ ವಸತಿ ಪ್ರದೇಶದಲ್ಲಿ ಹಗಲು 65. ರಾತ್ರಿ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. 2010ರ ತಿದ್ದುಪಡಿ ವಾದ್ಯಗಳನ್ನೂ ಸೇರಿಸಿತು. ಆದ್ದರಿಂದ ಮೈಕ್ ಆರಿಸಿ ಚೆಂಡೆಯನ್ನಷ್ಟೇ ಬಾರಿಸಿದರೂ ನಿಯಮ ತಪ್ಪುವುದಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗಾಗಿ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ, ರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು.

ಕರಾವಳಿಗೆ ಇದು ನಿಜವಾದ ಬಿಕ್ಕಟ್ಟು. ದೊಂದಿಯ ಬೆಳಕಿನಲ್ಲಿ, ಮೈಕ್ ಇಲ್ಲದೆ ಬೆಳಗಿನವರೆಗೆ ನಡೆಯುತ್ತಿದ್ದ ಕಲೆ ಯಕ್ಷಗಾನ. 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಬದಲಾದವು. ಇದಕ್ಕೆ ಆಕ್ಷೇಪ ಬಂದು ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಶಬ್ದದ ನಿಯಮ ಪಾಲಿಸಬೇಕೆಂಬ ಷರತ್ತಿನೊಡನೆ 2024ರ ಜನವರಿಯಲ್ಲಿ ರಾತ್ರಿಯಿಡೀ ಆಟ ಮತ್ತೆ ಆರಂಭವಾಯಿತು. ಆಟವನ್ನು ಉಳಿಸುವುದು ಮತ್ತು ಶಬ್ದವನ್ನು ಹತೋಟಿಯಲ್ಲಿಡುವುದು ಒಂದಕ್ಕೊಂದು ವಿರೋಧವಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ನೀವೇನು ಮಾಡಬಹುದು? ಆಟಕ್ಕೆ ಮೊದಲೇ ಸಂಘಟಕರನ್ನು ಕಂಡು, ಸ್ಪೀಕರುಗಳನ್ನು ಮನೆಗಳತ್ತ ತಿರುಗಿಸದೆ ಪ್ರೇಕ್ಷಕರತ್ತ ಇಡಲು ಕೇಳಿ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ರಂಗಸ್ಥಳದ ಜಾಗದ ಆಯ್ಕೆಯೂ ಮುಖ್ಯ. ಮಾತು ಫಲಿಸದಿದ್ದರೆ ಪೊಲೀಸ್ ಠಾಣೆಗೆ ದೂರು ನೀಡುವ ಹಕ್ಕು ನಿಮಗಿದೆ. ಮರುವರ್ಷ ನಿಮ್ಮ ಮನೆಯಲ್ಲೇ ಹರಕೆಯ ಆಟವಾದಾಗ, ಪಕ್ಕದ ಮನೆಯಲ್ಲಿ ಓದುವ ಹುಡುಗಿಯನ್ನೂ ಮಲಗಿರುವ ಅಜ್ಜನನ್ನೂ ನೆನೆಯುವುದು ನಿಮ್ಮ ಕರ್ತವ್ಯ.