ಗಾಡಿಯ ನೆತ್ತಿಯ ಮೇಲೆ ಎರಡು ಚೀಲ ಭತ್ತ

ಜೇವರ್ಗಿಯಿಂದ ಬಳ್ಳಾರಿಯ ಕಡೆಗೆ ಇಳಿಯುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದಾದ ಮೇಲೊಂದು ಬರುತ್ತವೆ. ಹೆದ್ದಾರಿ ಬಿಟ್ಟು ತುಂಗಭದ್ರಾ ಎಡದಂಡೆ ಕಾಲುವೆಯ ದಾರಿಗೋ ಯಾವುದಾದರೂ ಕ್ಯಾಂಪಿನ ದಾರಿಗೋ ಹೊರಳಿದರೆ ಎರೆಮಣ್ಣು ಶುರು. ಮಳೆ ಬಿದ್ದರೆ ಉಬ್ಬಿ ಗಾಲಿಗೆ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಬಿರಿದು ಬಾಯಿ ಬಿಡುತ್ತದೆ, ಒಣಗಿದ ಮೇಲೆ ಹಿಟ್ಟಿನಂತೆ ಏಳುತ್ತದೆ. ಇಂಥ ನೆಲದಲ್ಲಿ ಬೊಲೆರೊ, ಕ್ರೂಸರ್, ಥಾರ್‌ಗಳಂಥ ಎತ್ತರದ ಗಾಡಿ ಬೇಕೇ ಬೇಕು. ಗಾಡಿ ಮನೆಗೆ ಬಂದ ಕೆಲವೇ ದಿನಕ್ಕೆ ಟಾಪ್ ಮೇಲೊಂದು ಕ್ಯಾರಿಯರ್, ಹಿಂದೊಂದು ಸ್ಪಾಯ್ಲರ್ ಹಾಕಿಸುವ ಮಾತೂ ಬರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಉದ್ದ, ಅಗಲ, ಬಣ್ಣ ಕೇಳುತ್ತಾರೆ. ಟಾಪ್ ಎಷ್ಟು ಭಾರ ತಡೆಯುತ್ತದೆ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಏಳುತ್ತದೆ. ಮೊದಲು ಕೇಳಬೇಕಾದದ್ದು ಅದನ್ನೇ.

ಉತ್ತರ ಗಾಡಿಯ ಜೊತೆ ಬಂದ ಕೈಪಿಡಿಯಲ್ಲೇ ಇರುತ್ತದೆ. ಬಹುತೇಕ ಕಾರು, ಜೀಪುಗಳಲ್ಲಿ ಟಾಪ್‌ನ ಭಾರಮಿತಿ 50ರಿಂದ 100 ಕಿಲೊ. ಬೆಟ್ಟಗುಡ್ಡ ಹತ್ತುವುದಕ್ಕೇ ಹೆಸರಾದ ಮೂರು ಬಾಗಿಲಿನ ಸುಜುಕಿ ಜಿಮ್ನಿಗೆ ವಿದೇಶಗಳಲ್ಲಿ ಕೊಟ್ಟಿರುವ ಮಿತಿ ಬರೀ 30 ಕಿಲೊ. ಈ ಮಿತಿಯಲ್ಲಿ ಕ್ಯಾರಿಯರ್‌ನ ತೂಕವೂ ಸೇರಿರುತ್ತದೆ. ಸಿಂಧನೂರಿನಲ್ಲಿ ಭತ್ತದ ದರ ಮಾತಾಡುವುದು 75 ಕಿಲೊ ಚೀಲದ ಲೆಕ್ಕದಲ್ಲಿ. 100 ಕಿಲೊ ಮಿತಿಯ ಗಾಡಿಗೆ 30 ಕಿಲೊ ಕ್ಯಾರಿಯರ್ ಕೂರಿಸಿದರೆ ಉಳಿಯುವುದು 70 ಕಿಲೊ. ಅಲ್ಲಿಗೆ ಒಂದು ಚೀಲ ಭತ್ತಕ್ಕೂ ಜಾಗವಿಲ್ಲ.

ನಿಂತ ಗಾಡಿಯ ಟಾಪ್ ಮೇಲೆ ಇಬ್ಬರು ಹತ್ತಿ ನಿಂತರೂ ತಗಡು ಬಾಗುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಂತಾಗಿನ ಶಕ್ತಿ ಬೇರೆ, ಓಡುವಾಗಿನದು ಬೇರೆ. ಕೈಪಿಡಿಯ ಮಿತಿ ಓಡುವ ಗಾಡಿಯದು. ಗುಂಡಿಗೆ ಇಳಿದು ಮೇಲೇಳುವ ಕ್ಷಣದಲ್ಲಿ 75 ಕಿಲೊ ಚೀಲ ಅದರ ಎರಡರಷ್ಟು ಭಾರವಾಗಿ ಕೆಳಕ್ಕೆ ಒತ್ತಬಲ್ಲದು. ಜೋರಾಗಿ ಬ್ರೇಕ್ ಹಾಕಿದರೆ ಅದೇ ಚೀಲ ಸುಮಾರು 50 ಕಿಲೊ ಬಲದಿಂದ ಮುಂದಕ್ಕೆ ಜಗ್ಗುತ್ತದೆ. ಕ್ಯಾರಿಯರ್‌ನ ಕಾಲುಗಳು, ಬೋಲ್ಟುಗಳು, ಹಗ್ಗ ಎಲ್ಲವೂ ಈ ಪೆಟ್ಟನ್ನು ದಿನಕ್ಕೆ ನೂರಾರು ಸಲ ತಿನ್ನುತ್ತವೆ.

ಆದರೂ ನನ್ನ ಆತಂಕ ತಗಡಿನದಲ್ಲ, ಎತ್ತರದ್ದು. ಗಾಡಿ ಪಲ್ಟಿಯಾಗುವುದು ಎರಡು ಅಳತೆಗಳ ಮೇಲೆ ನಿಂತಿದೆ: ಎಡ, ಬಲ ಗಾಲಿಗಳ ನಡುವಿನ ಅಂತರ, ಮತ್ತು ನೆಲದಿಂದ ಗುರುತ್ವಕೇಂದ್ರದ ಎತ್ತರ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಸ್ಥಿರತೆಯ ಅಂಕ ಸಿಗುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಪಲ್ಟಿಯ ಅಪಾಯ ಅಳೆಯಲು 2001ರಿಂದ ಬಳಸುತ್ತಿರುವುದು ಇದನ್ನೇ. ಸಾಮಾನ್ಯ ಕಾರಿಗೆ ಈ ಅಂಕ 1.3ರಿಂದ 1.5, ಎತ್ತರದ ಗಾಡಿಗಳಿಗೆ 1ರಿಂದ 1.3.

1,800 ಕಿಲೊ ತೂಕದ, ಗಾಲಿಗಳ ನಡುವೆ 1.5 ಮೀಟರ್ ಅಂತರದ, ಗುರುತ್ವಕೇಂದ್ರ 75 ಸೆಂಟಿಮೀಟರ್ ಎತ್ತರದಲ್ಲಿರುವ ಗಾಡಿಯೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಅಂಕ ಸರಿಯಾಗಿ 1. ಪಕ್ಕಕ್ಕೆ ವಾಲಿಸುತ್ತ ಹೋದರೆ 45 ಡಿಗ್ರಿವರೆಗೆ ಅದು ಉರುಳದು. ಈಗ ಟಾಪ್ ಮೇಲೆ, ನೆಲದಿಂದ ಎರಡು ಮೀಟರ್ ಎತ್ತರದಲ್ಲಿ, ಎರಡು ಚೀಲ ಭತ್ತ ಹೇರಿದರೆ ಗುರುತ್ವಕೇಂದ್ರ ಸುಮಾರು 85 ಸೆಂಟಿಮೀಟರಿಗೆ ಏರುತ್ತದೆ. ಅಂಕ 0.89ಕ್ಕೆ, ಉರುಳುವ ಕೋನ 41.5 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಮೂರೂವರೆ ಡಿಗ್ರಿ ಎಂದರೆ ಕಾಗದದ ಮೇಲೆ ಸಣ್ಣದು. ಆದರೆ ಸ್ಪ್ರಿಂಗು ಕುಗ್ಗಿ ಮೈ ವಾಲುವುದು, ಟೈರು ಒತ್ತಿಹೋಗುವುದು ಈ ಲೆಕ್ಕದಲ್ಲಿಲ್ಲ. ಒಂದು ಬದಿಯ ಗಾಲಿ ಡಾಂಬರಿನ ಅಂಚು ತಪ್ಪಿ ಹಸಿ ಎರೆಗೆ ಇಳಿದರೆ ಆ ಮೂರೂವರೆ ಡಿಗ್ರಿಯೂ ಬೇಕಾಗುತ್ತದೆ.

ಇದೇ ಗಾಡಿಯ ಟಾಪ್ ಮೇಲೆ ಹತ್ತು ಜನ ಕೂತರೆ? ನಾಟಿಯ ಕಾಲದಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಯವರು ಕ್ಯಾರಿಯರ್ ಹಿಡಿದು ಕೂತು ಹೋಗುವುದು ಈ ಸೀಮೆಯಲ್ಲಿ ಯಾರೂ ನೋಡದ ನೋಟವಲ್ಲ. ತಲಾ 60 ಕಿಲೊ, ಕೂತವರ ಮೈಯ ಮಧ್ಯಭಾಗ ನೆಲದಿಂದ 2.2 ಮೀಟರ್ ಎತ್ತರ ಎಂದಿಟ್ಟುಕೊಂಡರೆ ಗುರುತ್ವಕೇಂದ್ರ 1.1 ಮೀಟರ್ ದಾಟುತ್ತದೆ. ಅಂಕ 0.67ಕ್ಕೆ ಕುಸಿಯುತ್ತದೆ, ಉರುಳುವ ಕೋನ 34 ಡಿಗ್ರಿ. 40 ಮೀಟರ್ ತ್ರಿಜ್ಯದ ತಿರುವಿನಲ್ಲಿ, ಬರೀ ಲೆಕ್ಕದ ಪ್ರಕಾರ, ಖಾಲಿ ಗಾಡಿ ಗಂಟೆಗೆ 71 ಕಿಲೊಮೀಟರ್ ವೇಗದವರೆಗೆ ನಿಂತೀತು. ಹತ್ತು ಜನರನ್ನು ಹೊತ್ತ ಗಾಡಿ 58ಕ್ಕೇ ಗಾಲಿ ಎತ್ತುತ್ತದೆ. ನಿಜವಾದ ರಸ್ತೆಯಲ್ಲಿ ಎರಡೂ ಅಂಕಿ ಇನ್ನೂ ಕಡಿಮೆ. 2025ರ ಜನವರಿ 21ರ ರಾತ್ರಿ ಮಂತ್ರಾಲಯದಿಂದ ಆನೆಗೊಂದಿಯ ಕಡೆ ಹೊರಟಿದ್ದ ವಿದ್ಯಾರ್ಥಿಗಳ ಕ್ರೂಸರ್ ಸಿಂಧನೂರಿನ ಹತ್ತಿರ ಪಲ್ಟಿಯಾಗಿ ಚಾಲಕ ಮತ್ತು ಮೂವರು ವಿದ್ಯಾರ್ಥಿಗಳು ತೀರಿಹೋದರು. ಆ ದುರಂತವನ್ನು ನಾನು ಕ್ಯಾರಿಯರ್‌ಗೆ ಗಂಟು ಹಾಕುತ್ತಿಲ್ಲ. ಎತ್ತರದ ಗಾಡಿ ಉರುಳಿದರೆ ಒಳಗಿದ್ದವರಿಗೇ ಏನಾಗುತ್ತದೆ ಎಂಬುದಕ್ಕೆ ಅದನ್ನು ನೆನೆದೆ. ಮೇಲೆ ಕೂತವರಿಗಂತೂ ಸೀಟೂ ಇಲ್ಲ, ಬೆಲ್ಟೂ ಇಲ್ಲ. ಮೋಟಾರು ವಾಹನ ಕಾಯ್ದೆಯ 123ನೆಯ ಕಲಂ ಟಾಪ್ ಮೇಲೆ ಕೂತು ಹೋಗುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಸುತ್ತ ಎತ್ತರದ ಕಟಕಟೆ, ಹತ್ತಲು ಏಣಿ ಇರುವ ಕ್ಯಾರಿಯರ್ ಜನರನ್ನು ಮೇಲಕ್ಕೆ ಕರೆಯುತ್ತದೆ. ಹಾಗಾಗಿ ಕಟಕಟೆ ನಾಲ್ಕಾರು ಇಂಚಿಗೆ ನಿಲ್ಲಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಯಾವ ಲೋಹ? ಒಂದು ಇಂಚಿನ, 2 ಮಿಲಿಮೀಟರ್ ದಪ್ಪದ ಚೌಕ ಕಬ್ಬಿಣದ ಪೈಪು ಮೀಟರಿಗೆ ಸುಮಾರು 1.4 ಕಿಲೊ ತೂಗುತ್ತದೆ. ಸಾಧಾರಣ ಕ್ಯಾರಿಯರ್‌ಗೆ 20 ಮೀಟರ್ ಹಿಡಿದರೂ 28 ಕಿಲೊ ಆಯಿತು, ತಳಕ್ಕೆ ತಗಡು ಹಾಸುವ ಮೊದಲೇ. ಅಲ್ಯೂಮಿನಿಯಂ ಇದರ ಮೂರನೆಯ ಒಂದು ಭಾಗ ತೂಗುತ್ತದೆ, ಆದರೆ ಬಿಗಿಯೂ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. ಅದಕ್ಕೆಂದೇ ದಪ್ಪ ಅಚ್ಚಿನ ಪಟ್ಟಿಗಳು ಬೇಕು. ಇನ್ನೊಂದು ವ್ಯತ್ಯಾಸ ನಮ್ಮ ರಸ್ತೆಗಳಿಗೆ ಮುಖ್ಯ. ಒಂದು ಮಟ್ಟಕ್ಕಿಂತ ಸಣ್ಣ ಅದುರುವಿಕೆಯನ್ನು ಕಬ್ಬಿಣ ಎಷ್ಟು ಕಾಲವಾದರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಮಟ್ಟವಿಲ್ಲ, ಸಣ್ಣ ಕುಲುಕಾಟವೂ ಕೂಡುತ್ತ ಕೂಡುತ್ತ ಒಂದು ದಿನ ಬಿರುಕಾಗುತ್ತದೆ. ವೆಲ್ಡಿಂಗಿನ ಬಿಸಿ ತಾಗಿದ ಕಡೆ ಅದು ಇನ್ನೂ ಮೆದು. ಆದ್ದರಿಂದ ಅಲ್ಯೂಮಿನಿಯಂ ಬೇಕಾದರೆ ಬೋಲ್ಟಿನಿಂದ ಜೋಡಿಸುವ, ಕಂಪನಿ ಅಚ್ಚಿನ ಕ್ಯಾರಿಯರ್ ಕೊಳ್ಳಿ. ಊರಲ್ಲೇ ಮಾಡಿಸುವುದಾದರೆ ಕಬ್ಬಿಣವೇ ಒಳ್ಳೆಯದು, ಚಿಕ್ಕದಾಗಿ ಮಾಡಿಸಿ. ಟಾಪ್‌ಗೆ ತೂತು ಕೊರೆಸಬೇಡಿ. ತೂತಿನಿಂದ ನೀರು ಇಳಿದು ಒಳಗಿನ ತಗಡು ತುಕ್ಕು ಹಿಡಿಯುತ್ತದೆ. ಮಳೆನೀರಿನ ಅಂಚು ಇರುವ ಗಾಡಿಗೆ ಅಲ್ಲಿಯೇ ಕ್ಲಾಂಪ್ ಕೂರುತ್ತದೆ. ಕಾಲು ಎಷ್ಟು ಹೆಚ್ಚಿದ್ದರೆ ಭಾರ ಅಷ್ಟು ಹಂಚಿಹೋಗುತ್ತದೆ.

ಗಾಳಿಯ ಲೆಕ್ಕವೂ ಇದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಹೊಲದ ದಾರಿಯ 40ರ ವೇಗಕ್ಕೂ ಹೆದ್ದಾರಿಯ 100ಕ್ಕೂ ನಡುವೆ ಅದು ಆರು ಪಟ್ಟು ಮೀರುತ್ತದೆ. ಗುಂಡನೆಯ ಪೈಪು ಗಾಳಿಗೆ ಒಡ್ಡುವ ತಡೆ, ಅದರ ಸುಮಾರು ಹತ್ತರಷ್ಟು ದಪ್ಪದ, ರೆಕ್ಕೆಯಾಕಾರದ ಪಟ್ಟಿಯ ತಡೆಗೆ ಸಮ. ಗುಂಡನೆಯದರ ಹಿಂದೆ ಗಾಳಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸುಳಿಯಾಗಿ ಕಳಚುತ್ತದೆ. ಒಂದು ಇಂಚಿನ ಪೈಪಿಗೆ 72 ಕಿಲೊಮೀಟರ್ ವೇಗದಲ್ಲಿ ಇದು ಸೆಕೆಂಡಿಗೆ ಸುಮಾರು 160 ಸಲ ನಡೆಯುತ್ತದೆ. ಒಳಗೆ ಕೂತವರಿಗೆ ಕೇಳುವ ಗುಂಯ್‌ ಎನ್ನುವ ಸದ್ದು ಅದೇ. ಯೂಚೆ ಚೆನ್ ಮತ್ತು ಅಲನ್ ಮೈಯರ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಕ್ಯಾರಿಯರ್‌ಗಳ ಕಾರಣಕ್ಕೇ ವರ್ಷಕ್ಕೆ ಸುಮಾರು 10 ಕೋಟಿ ಗ್ಯಾಲನ್ ಪೆಟ್ರೋಲು ಹೆಚ್ಚು ಸುಡುತ್ತದೆ. ಖಾಲಿ ಕ್ಯಾರಿಯರ್ ಹೊತ್ತು ತಿರುಗುವುದನ್ನು ತಪ್ಪಿಸಬೇಕು ಎಂಬುದೇ ಅವರ ಸಲಹೆ. ಸುಗ್ಗಿ ಮುಗಿದ ಮೇಲೆ ಬಿಚ್ಚಿ ಮನೆಯ ಗೋಡೆಗೆ ಆನಿಸಿಡಬಹುದಾದ ಕ್ಯಾರಿಯರ್‌ಗೆ ನನ್ನ ಮತ.

ಸ್ಪಾಯ್ಲರ್‌ನ ಕತೆ ಬೇರೆ. ಚೌಕ ಬೆನ್ನಿನ ಗಾಡಿ ಓಡುವಾಗ ಟಾಪ್ ಮೇಲಿನ ಗಾಳಿ ಹಿಂದಿನ ಅಂಚಿನಲ್ಲಿ ಕಳಚಿಕೊಂಡು ಬೆನ್ನ ಹಿಂದೆ ಕಡಿಮೆ ಒತ್ತಡದ ಸುಳಿ ಉಳಿಸುತ್ತದೆ. ಆ ಸುಳಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಗಾಲಿ ಎಬ್ಬಿಸಿದ ಧೂಳನ್ನೂ ಒಳಗೆಳೆದು ಹಿಂದಿನ ಗಾಜಿಗೆ ಬಳಿಯುತ್ತದೆ. ಮಸ್ಕಿಯ ಆಚೀಚೆ ಮಣ್ಣಿನ ದಾರಿಯಲ್ಲಿ ಹೋಗಿಬಂದ ಯಾವ ಗಾಡಿಯ ಬೆನ್ನು ನೋಡಿದರೂ ಇದು ಕಾಣುತ್ತದೆ. ಹಿಂದಕ್ಕೆ ಕಿರಿದಾಗುತ್ತ ಹೋಗುವ ಬಾಲವನ್ನು ಸರಿಯಾದ ಕಡೆ ಚೊಕ್ಕವಾಗಿ ಕತ್ತರಿಸಿದರೂ ಎಳೆತ ಕಡಿಮೆಯೇ ಇರುತ್ತದೆ ಎಂದು 1930ರ ದಶಕದಲ್ಲೇ ತೋರಿಸಿದವರು ಜರ್ಮನಿಯ ವುನಿಬಾಲ್ಡ್ ಕಾಮ್. ಟಾಪ್‌ನ ನೇರಕ್ಕೇ ಹಿಂದಕ್ಕೆ ಚಾಚಿ, ತುಸು ಕೆಳಗೆ ಬಾಗಿ, ಚೂಪು ಅಂಚಿನಲ್ಲಿ ಮುಗಿಯುವ ಸ್ಪಾಯ್ಲರ್ ಇದೇ ಕೆಲಸ ಮಾಡುತ್ತದೆ. ಸುಳಿ ಕಿರಿದಾಗುತ್ತದೆ, ಗಾಜಿನ ಧೂಳು ಸ್ವಲ್ಪ ಕಡಿಮೆಯಾಗುತ್ತದೆ. ಗಾಳಿಯನ್ನು ಗಾಜಿನ ಮೇಲೆ ಕೆಳಕ್ಕೆ ಹಾಯಿಸುವ ತಿರುವುಪಟ್ಟಿ ಇನ್ನೊಂದು ಬಗೆ. ಗಾಜು ಅದರಿಂದ ಹೆಚ್ಚು ಚೊಕ್ಕವಾಗುತ್ತದೆ, ಎಳೆತ ಹೆಚ್ಚುತ್ತದೆ.

ಎರಡು ಕಾಲಿನ ಮೇಲೆ ರೆಕ್ಕೆಯಂತೆ ನಿಲ್ಲುವ ಮೂರನೆಯ ಬಗೆ ಮಾತ್ರ ಈ ಗಾಡಿಗಳಿಗೆ ಬೇಡ. ನೆಲಕ್ಕೆ ಒತ್ತುತ್ತದೆ ಎಂದು ಅದನ್ನು ಮಾರುತ್ತಾರೆ. 80 ಕಿಲೊಮೀಟರ್ ವೇಗದಲ್ಲಿ ಅಂಥದ್ದರಿಂದ ಸಿಗುವ ಒತ್ತು ಎಂಟು ಹತ್ತು ಕಿಲೊ ಇದ್ದರೆ ಹೆಚ್ಚು. 1,800 ಕಿಲೊ ಗಾಡಿಗೆ ಅದು ಗೊತ್ತಾಗುವುದೂ ಇಲ್ಲ. ಗುಂಡಿಗಳಲ್ಲಿ ಅದುರಿ ಅದುರಿ ಹಿಂಬಾಗಿಲಿನ ತಗಡನ್ನು ಹರಿಯುವುದು ಮಾತ್ರ ಗೊತ್ತಾಗುತ್ತದೆ.

ಹಣ ಕೊಡುವ ಮೊದಲು ರಾಯಚೂರಿನ ಸಾರಿಗೆ ಕಚೇರಿಯಲ್ಲಿ ಒಂದು ಮಾತು ವಿಚಾರಿಸಿ. ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ ಬರಬಹುದು. ನಿಮ್ಮ ಮಾದರಿಗೆಂದೇ ತಯಾರಕರು ಮಾರುವ ಬಿಡಿಭಾಗ ಸಿಕ್ಕರೆ ಮೊದಲು ಅದನ್ನು ನೋಡಿ. ಬೆನ್ನಿಗೆ ಸ್ಟೆಪ್ನಿ ನೇತುಹಾಕಿರುವ ಗಾಡಿ ನಿಮ್ಮದಾದರೆ ಸ್ಪಾಯ್ಲರ್‌ನ ದುಡ್ಡನ್ನು ಹಿಂದಿನ ಗಾಜಿನ ವೈಪರ್ ಮತ್ತು ನೀರು ಚಿಮ್ಮಿಸುವ ಪಂಪಿಗೆ ಹಾಕಿ. ಕ್ಯಾರಿಯರ್ ಕೂರಿಸಿದ್ದರೆ ಮೊದಲ ನೂರು ಕಿಲೊಮೀಟರ್ ಓಡಿದ ಮೇಲೆ ಪಾನಾ ಹಿಡಿದು ಒಂದೊಂದೇ ಬೋಲ್ಟನ್ನು ಮತ್ತೆ ಬಿಗಿ ಮಾಡಿ. ಎರೆ ದಾರಿಯಲ್ಲಿ ಎರಡು ಮೂರಾದರೂ ಸಡಿಲಾಗಿರುತ್ತವೆ.